‘ನಿಮ್ಮ ದೇಶಕ್ಕೆ ಹೋಗಿ’ ಎಂದು ಕಿರುಚಿದರೆ ದೂರು ಕೊಡಬಹುದೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ಎಚ್-1ಬಿ ವೀಸಾ. ಮೈಸೂರಿನಿಂದ ಬಂದಿರುವ ಅತ್ತೆ ಸೀರೆ ಉಟ್ಟು ವಾಕಿಂಗ್ ಹೋಗಿದ್ದಾಗ ಕಾರಿನಲ್ಲಿದ್ದವನೊಬ್ಬ ‘ನಿಮ್ಮ ದೇಶಕ್ಕೆ ಹೋಗಿ’ ಎಂದು ಕಿರುಚಿ ಹೋದ. ಅಂದಿನಿಂದ ಅವರು ಹೊರಗೆ ಕಾಲಿಡುತ್ತಿಲ್ಲ. ಯಜಮಾನರು ಗನ್ ತಗೊಳ್ಳೋಣ ಅನ್ನುತ್ತಾರೆ. ಬರೀ ಬೈದಿದ್ದಕ್ಕೆ ದೂರು ಕೊಡಬಹುದಾ ಮೇಡಂ?

ಉತ್ತರ: ಗನ್ ವಿಷಯ ಮೊದಲು. ಖಂಡಿತ ಬೇಡ. ಎಚ್-1ಬಿ ವೀಸಾದವರು, ಅವರ ಹೆಂಡತಿ/ಗಂಡ, ಮಕ್ಕಳಿಗೆ ಸಿಗುವ ಎಚ್-4 ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಸಿಕ್ಕಿಬಿದ್ದರೆ ಜೈಲು, ವೀಸಾಕ್ಕೂ ಕುತ್ತು. ನಾಳೆ ಗ್ರೀನ್ ಕಾರ್ಡ್ ಬಂದರೂ ನನ್ನ ಸಲಹೆ ಇದೇ. 2021ರಲ್ಲಿ ಅಲ್ಲಿ ಗುಂಡಿಗೆ ಸತ್ತವರು 48 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಮನೆಯಲ್ಲಿ ಗನ್ ಇದ್ದರೆ ಅಪಾಯ ಹೆಚ್ಚುವುದು ಮನೆಯವರಿಗೇ.

ಇನ್ನು ದೂರು. ಬರೀ ಬೈಗುಳ ಸಾಮಾನ್ಯವಾಗಿ ಅಲ್ಲಿ ಅಪರಾಧ ಆಗುವುದಿಲ್ಲ. ಬೆದರಿಕೆ, ಹಲ್ಲೆ, ಆಸ್ತಿಗೆ ಹಾನಿ ಸೇರಿಕೊಂಡರೆ ಅದು ದ್ವೇಷದ ಅಪರಾಧ. ಆದರೂ ಸುಮ್ನೆ ಇರಬೇಡಿ. 2017ರ ಫೆಬ್ರುವರಿಯಲ್ಲಿ ಕನ್ಸಾಸ್‌ನ ಓಲೇತ ಊರಿನ ಬಾರ್‌ನಲ್ಲಿ ಹೈದರಾಬಾದ್ ಮೂಲದ ಇಂಜಿನಿಯರ್ ಒಬ್ಬರನ್ನು ಕೊಂದವನು ಕೂಗಿದ್ದೂ ಹೆಚ್ಚುಕಡಿಮೆ ಇದೇ ಮಾತು. ಮೊದಲು ಬೈದ. ಹೊರಗೆ ಕಳಿಸಿದರು. ಗನ್ ಹಿಡಿದು ವಾಪಸ್ ಬಂದ. ಇವರನ್ನು ಇರಾನಿನವರು ಅಂದುಕೊಂಡಿದ್ದನಂತೆ! ಕೋವಿಡ್ ಕಾಲದಲ್ಲಿ ಅಲ್ಲಿ ಏಷ್ಯಾ ಮೂಲದವರ ಮೇಲೆ ದ್ವೇಷದ ದಾಳಿಗಳಾದಾಗ ‘ಅದು ಚೀನಾದವರ ತಾಪತ್ರಯ, ನಮಗೇನು’ ಎಂದ ನಮ್ಮವರು ಇದನ್ನು ನೆನಪಿಡಬೇಕಿತ್ತು.

2021ರ ಮಾರ್ಚ್ 16ರಂದು ಅಟ್ಲಾಂಟಾ ಸುತ್ತಮುತ್ತಲಿನ ಮೂರು ಸ್ಪಾಗಳಲ್ಲಿ 8 ಜನರ ಕೊಲೆಯಾಯಿತು. ಅವರಲ್ಲಿ 6 ಮಂದಿ ಏಷ್ಯಾ ಮೂಲದ ಹೆಂಗಸರು. ಕೊಂದವನು ಗನ್ ಕೊಂಡದ್ದು ಅದೇ ದಿನ. ನೀವಿರುವ ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು. ಯಾರಾದರೂ ಅಪಾಯಕಾರಿಯಾಗಿ ಕಂಡರೆ ಅವರ ಗನ್ ತಾತ್ಕಾಲಿಕವಾಗಿ ತೆಗೆದಿಡುವಂತೆ ಮನೆಯವರೇ ಕೋರ್ಟನ್ನು ಕೇಳಬಹುದು. ಇಂಥ ಕಾನೂನು ಎಲ್ಲ ರಾಜ್ಯಗಳಲ್ಲೂ ಬರಲಿ ಎಂದು ಕೇಳುವವರ ಜೊತೆ ನಮ್ಮವರೂ ನಿಲ್ಲಬೇಕು. ಓಟಿಲ್ಲದಿದ್ದರೂ ದನಿ ಇದೆ ಅಲ್ವಾ?

ಈಗ ಮಾಡಬೇಕಾದ್ದು ಇಷ್ಟು. ದಿನ, ಹೊತ್ತು, ಜಾಗ, ಅವನಾಡಿದ ಮಾತು, ಕಾರಿನ ಬಣ್ಣ, ನಂಬರ್, ನೆನಪಿರುವುದನ್ನೆಲ್ಲ ಇವತ್ತೇ ಬರೆದಿಡಿ. ರಾಜ್ಯ ಸರ್ಕಾರದ ‘ಸಿಎ ವರ್ಸಸ್ ಹೇಟ್’ ಸಹಾಯವಾಣಿ 833-866-4283ಕ್ಕೆ ತಿಳಿಸಿ. ಅಲ್ಲಿ ಅಪರಾಧವಲ್ಲದ ಘಟನೆಯನ್ನೂ ದಾಖಲಿಸುತ್ತಾರೆ, ವೀಸಾ ಕೇಳುವುದಿಲ್ಲ. ಅದೇ ಮನುಷ್ಯ ಮತ್ತೆ ಕಂಡರೆ, ಹಿಂಬಾಲಿಸಿದರೆ, ಪೊಲೀಸರಿಗೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ತಕ್ಷಣ 911.

ಅತ್ತೆಯವರಿಗೆ ‘ಸೀರೆ ಬಿಡಿ, ಪ್ಯಾಂಟ್ ಹಾಕ್ಕೊಳ್ಳಿ’ ಎಂದು ಮಾತ್ರ ಹೇಳಬೇಡಿ. ತಪ್ಪು ಅವರದಲ್ಲ. ಸ್ವಲ್ಪ ದಿನ ನೀವೋ, ಅಕ್ಕಪಕ್ಕದ ಹಿರಿಯರೋ ಜೊತೆಗೆ ನಡೆಯಿರಿ. ನಿಮ್ಮ ಕನ್ನಡ ಕೂಟದಲ್ಲೂ ಈ ವಿಷಯ ಎತ್ತಿ. ಮೊಮ್ಮಕ್ಕಳನ್ನು ನೋಡಲು ಬಂದ ಎಷ್ಟೋ ಅಮ್ಮಂದಿರು ಇಂಥದ್ದನ್ನು ಮನೆಯವರಿಗೂ ಹೇಳಿರುವುದಿಲ್ಲ.