ರಾಗಿಗೆ ಅಜೋಸ್ಪಿರಿಲಂ ಹಚ್ಚಿದರೆ ಯೂರಿಯಾ ಬಿಡಬಹುದಾ?

ಮಾಲೂರು ಹತ್ತಿರ 2 ಎಕರೆ ಖುಷ್ಕಿ ಇದೆ, ರಾಗಿ ಬೀಜಕ್ಕೆ ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರ ಹಚ್ಚಿದರೆ ಯೂರಿಯಾನೇ ಬೇಡ ಎಂದು ಅಂಗಡಿಯವರು ಹೇಳುತ್ತಾರೆ, ನಂಬಬಹುದಾ ಎಂದು ಕೇಳಿದ್ದೀರಿ. ಹಚ್ಚಿ, ಒಳ್ಳೆಯದೇ. ಆದರೆ ಯೂರಿಯಾ ಪೂರ್ತಿ ಬಿಡಬೇಡಿ. ಕಾಲು ಭಾಗ ಕಡಿಮೆ ಮಾಡಿ ನೋಡಬಹುದು, ಅಷ್ಟೇ. ನಾನು ಓದಿದ್ದು ಮಣ್ಣಿನ ಸೂಕ್ಷ್ಮಾಣುಗಳ ಬಗ್ಗೆ, ರಾಗಿ ಬೆಳೆಯುವುದು ಚಿಂತಾಮಣಿ ಕಡೆಯ ಕೆಂಪು ಮಣ್ಣಿನಲ್ಲಿ. ಹಾಗಾಗಿ ಕಾರಣವನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಅವರೆ ಗಿಡ ಕಿತ್ತು ನೋಡಿ. ಬೇರಿನಲ್ಲಿ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು (ಯೂರಿಯಾದಿಂದ ಬೆಳೆಗೆ ಸಿಗುವುದೂ ಇದೇ) ಹಿಡಿದು ಗಿಡಕ್ಕೆ ಕೊಡುತ್ತಿರುತ್ತದೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದಕ್ಕೇ ಗಿಡ ಆ ಕೆಂಪು ಪದಾರ್ಥ ಇಟ್ಟುಕೊಂಡು ಆಮ್ಲಜನಕವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ರಾಗಿ, ಜೋಳ, ಭತ್ತಕ್ಕೆ ಈ ಗಂಟಿನ ಏರ್ಪಾಡೇ ಇಲ್ಲ.

ಈಗ ಹದ ಇರುವಾಗ ಒಂದು ರಾಗಿ ಪೈರು ಕೀಳಿ. ಸುಲಭಕ್ಕೆ ಬರುವುದಿಲ್ಲ ಬಿಡಿ. ಬಂದಮೇಲೆ ಕೊಡವಿದರೂ ಸಣ್ಣ ಬೇರುಗಳ ಸುತ್ತ ಮಣ್ಣು ಅಂಗಿಯ ತೋಳು ತೊಡಿಸಿದ ಹಾಗೆ ಅಂಟಿಕೊಂಡಿರುತ್ತದೆ. ಬೇರು ಒಸರುವ ಸಕ್ಕರೆ, ಆಮ್ಲಗಳನ್ನು ತಿಂದುಕೊಂಡು ಅಜೋಸ್ಪಿರಿಲಂ ಬದುಕುವುದು ಅಲ್ಲೇ. ಅದಕ್ಕೂ ಗಾಳಿಯ ಸಾರಜನಕ ಹಿಡಿಯಲು ಬರುತ್ತದೆ, ಆದರೆ ಹಿಡಿಯುವುದು ಮುಖ್ಯವಾಗಿ ತನಗೋಸ್ಕರ. ಬದುಕಿರುವಾಗ ಗಿಡಕ್ಕೆ ಬಿಟ್ಟುಕೊಡುವುದು ಕಡಿಮೆ. ಇನ್ನೊಂದು ವಿಷಯ: ಮಣ್ಣಿನಲ್ಲಿ ಅಮೋನಿಯಂ (ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಆಗುವ ಸಾರಜನಕದ ರೂಪ) ಜಾಸ್ತಿ ಇದ್ದರೆ ಆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಸುಮ್ನೆ ಸಿಗುವಾಗ ಕಷ್ಟಪಡುವುದು ಯಾಕೆ, ಅಲ್ವಾ? ಅಂದರೆ ಬೀಜಕ್ಕೂ ಹಚ್ಚಿ, ಯೂರಿಯಾನೂ ಬೇಕಾಬಿಟ್ಟಿ ಎರಚಿದರೆ ಆ ಲಾಭವೂ ಹೋಯಿತು.

ಮತ್ತೆ ಹಚ್ಚುವುದು ಯಾಕೆ? ಬೇರಿಗೋಸ್ಕರ. ಈ ಬ್ಯಾಕ್ಟೀರಿಯಾ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಬಿಡುತ್ತದೆ. ಅದರಿಂದ ಕವಲು ಬೇರು, ಬೇರಿನ ರೋಮ ಜಾಸ್ತಿಯಾಗುತ್ತವೆ. ಮಣ್ಣಿನಲ್ಲಿ ಇರುವ ಸಾರಜನಕವನ್ನೂ ನೀರನ್ನೂ ಪೈರು ಚೆನ್ನಾಗಿ ಎಳೆದುಕೊಳ್ಳುತ್ತದೆ. 1970ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಿಜ್ಞಾನಿ ಯೊಹಾನ್ನಾ ಡೋಬರೈನರ್ ಹುಲ್ಲಿನ ಜಾತಿಯ ಬೇರುಗಳಲ್ಲಿ ಇದರ ಕೆಲಸ ತೋರಿಸಿದಾಗ ಏಕದಳ ಧಾನ್ಯಕ್ಕೂ ಗೊಬ್ಬರದ ಚಿಂತೆ ತಪ್ಪೀತು ಎಂಬ ಆಸೆ ಹುಟ್ಟಿತ್ತು. ಲಾಭದ ದೊಡ್ಡ ಪಾಲು ಬೇರು ಬಲವಾಗುವುದರಿಂದ ಬರುತ್ತದೆ ಎಂಬುದು ಆಮೇಲೆ ತಿಳಿಯಿತು. ನಿಮ್ಮ ಅಂಗಡಿಯವರು ಇನ್ನೂ ಆ ಹಳೇ ಆಸೆಯಲ್ಲೇ ಇದ್ದಾರೆ.

ಲೆಕ್ಕ ಹೀಗಿದೆ. ಖುಷ್ಕಿ ರಾಗಿಗೆ ಎಕರೆಗೆ ಸುಮಾರು 20 ಕೆ.ಜಿ. ಸಾರಜನಕ ಬೇಕು. 45 ಕೆ.ಜಿ. ಯೂರಿಯಾ ಮೂಟೆಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಕಾಲು ಭಾಗ ಎಂದರೆ ಎಕರೆಗೆ 11 ಕೆ.ಜಿ. ಯೂರಿಯಾ ಉಳಿತಾಯ. ಬಿತ್ತುವಾಗ ಡಿಎಪಿ ರಸಗೊಬ್ಬರ ಹಾಕುತ್ತೀರಾದರೆ ಅದರಲ್ಲಿರುವ ಶೇ 18 ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಹಳ ಜನ ಇದನ್ನು ಮರೆಯುತ್ತಾರೆ.

ಹಚ್ಚುವುದು ಕೆ.ಜಿ. ಬೀಜಕ್ಕೆ 25 ಗ್ರಾಂ. ಕೂರಿಗೆ ಬಿತ್ತನೆಗೆ ಎಕರೆಗೆ 4 ಕೆ.ಜಿ. ಬೀಜ ಎಂದರೆ ನಿಮ್ಮ 2 ಎಕರೆಗೆ 200 ಗ್ರಾಂ ಸಾಕು. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಬೀಜಕ್ಕೆ ಅಂಟುವಷ್ಟು ಮಾತ್ರ ಚಿಮುಕಿಸಿ, ಪುಡಿ ಕಲಸಿ. ನೆರಳಲ್ಲಿ ಹರಡಿ ಆರಿಸಿ ಅವತ್ತೇ ಬಿತ್ತಿ. ಶಿಲೀಂಧ್ರನಾಶಕ ಹಾಕುವುದಿದ್ದರೆ ಅದು ಮೊದಲು, ಇದು ಕೊನೆಗೆ. ರಸಗೊಬ್ಬರದ ಜೊತೆ ಬೆರೆಸಲೇಬೇಡಿ.

ಪೊಟ್ಟಣದ ತಾರೀಕು ನೋಡಿ ತಗೊಳ್ಳಿ. ಒಳಗಿರುವುದು ಜೀವ. ತಗಡಿನ ಸೂರಿನ ಕೆಳಗೆ ಏಪ್ರಿಲ್, ಮೇ ಬಿಸಿಲು ಕಂಡ ಪೊಟ್ಟಣದಲ್ಲಿ ಉಳಿಯುವುದು ಬರೀ ಕಪ್ಪು ಪುಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೈವಿಕ ಗೊಬ್ಬರ ಸಿಗುತ್ತದೆ. ನಿಮಗೆ ಹತ್ತಿರ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರ, ಅಲ್ಲೂ ಒಮ್ಮೆ ವಿಚಾರಿಸಿ. ಕೊಟ್ಟಿಗೆ ಗೊಬ್ಬರ ಮಾತ್ರ ತಪ್ಪಿಸಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶವೇ ಕಡಿಮೆ, ಈ ಸೂಕ್ಷ್ಮಾಣುಗಳಿಗೆ ತಿನ್ನಲು ಏನಾದರೂ ಬೇಕಲ್ಲ.

ಒಂದು ಪಟ್ಟಿಗೆ ಹಚ್ಚದ ಬೀಜ ಬಿತ್ತಿ. ಗೊಬ್ಬರ ಎರಡಕ್ಕೂ ಒಂದೇ ಇರಲಿ. ತೆಂಡೆ ಒಡೆಯುವ ಹೊತ್ತಿಗೆ ಎರಡೂ ಕಡೆಯಿಂದ ನಾಲ್ಕಾರು ಪೈರು ಅಗೆದು, ಬೇರು ತೊಳೆದು ಪಕ್ಕಪಕ್ಕ ಇಟ್ಟು ನೋಡಿ. ಎಲೆಯ ಹಸಿರು ನೋಡಿ ತೀರ್ಮಾನ ಮಾಡಬೇಡಿ, ಅದು ಯೂರಿಯಾದಿಂದಲೂ ಬರುತ್ತದೆ.

ಗಾಳಿಯ ಸಾರಜನಕವೇ ಬೇಕು ಎಂದರೆ ರಾಗಿ ನಡುವೆ ಅವರೆಯನ್ನೋ ತೊಗರಿಯನ್ನೋ ಅಕ್ಕಡಿ (ನಡುನಡುವೆ ಮಿಶ್ರಬೆಳೆ) ಸಾಲು ಹಾಕಿ. ಉದುರಿದ ಎಲೆ, ಬೇರು ಕೊಳೆತು ಅದರ ಲಾಭ ಕಾಣುವುದು ಮುಂದಿನ ಬೆಳೆಗೆ. ಆ ಬೀಜಕ್ಕೆ ಹಚ್ಚುವುದು ರೈಜೋಬಿಯಂ, ಅದು ಬೇರೆ ಪೊಟ್ಟಣ. ಕೇಳಿ ತಗೊಳ್ಳಿ.