ಬೆಳಗ್ಗೆ ಹತ್ತು ಗಂಟೆಗೆ ಆ ಮನೆಯಲ್ಲಿ: ಹ್ಯೂಸ್ಟನ್ನಿಗೆ ಹೊರಟ ದಂಪತಿಯ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದದ್ದು.)

ಗಂಡನಿಗೆ 38, ಹೆಂಡತಿಗೆ 34, ಮಗನಿಗೆ ಆರು. ಮೈಸೂರು ಕಡೆಯವರು. ನಾಲ್ಕು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಭಾರತೀಯ ಅಂಗಡಿಗಳ ಓಕ್ ಟ್ರೀ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರದ ಬಾಡಿಗೆ ಮನೆಯಲ್ಲಿ ವಾಸ. ಗಂಡನದು ಎಚ್-1ಬಿ ಎಂಬ ಉದ್ಯೋಗ ವೀಸಾ, ಹೆಂಡತಿಯದು ಅದರ ಅವಲಂಬಿತರಿಗೆ ಸಿಗುವ ಎಚ್-4. ಊರಲ್ಲಿ ಬ್ಯಾಂಕಿನಲ್ಲಿದ್ದ ಆಕೆಗೆ ಇಲ್ಲಿ ಕೆಲಸದ ಪರವಾನಗಿ ಇನ್ನೂ ಇಲ್ಲ, ಕಾರು ಓಡಿಸಲು ಬರುವುದಿಲ್ಲ. ಗಂಡನಿಗೆ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ, ಟೆಕ್ಸಾಸ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆಗಳ ಸಮುಚ್ಚಯದಲ್ಲಿ ಕೆಲಸ ಸಿಕ್ಕಿತ್ತು. ಜುಲೈ ಕೊನೆಗೆ ಹೊರಡಬೇಕು.

ಆಪ್ತಸಲಹೆಗೆಂದು ನಮ್ಮ ಬಳಿ ಬಂದ ಮೊದಲ ವಿಡಿಯೊ ಭೇಟಿಯಲ್ಲಿ ಗಂಡ ಮಾತು ಶುರು ಮಾಡಿದ್ದೇ ಶಾಲೆಯ ರೇಟಿಂಗಿನಿಂದ. ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿ ಎಂಬ ಊರಿಗೂ ಆಚೆ, ಗ್ರ್ಯಾಂಡ್ ಪಾರ್ಕ್‌ವೇ ಎಂಬ ಹೊರವರ್ತುಲ ಹೆದ್ದಾರಿ ದಾಟಿದ ಮೇಲೆ ಸಿಗುವ ಹೊಸ ಬಡಾವಣೆ. ನಾಲ್ಕು ಬೆಡ್‌ರೂಮು. ಕಾಲೇಜಿನ ಗೆಳೆಯರ ಮೂರು ಮನೆ ಅದೇ ಬೀದಿಯಲ್ಲಿ. ಅಪ್ಪ ಅಮ್ಮ ಬಂದರೆ ಮೆಟ್ಟಿಲು ಹತ್ತದ ಹಾಗೆ ಕೆಳಗೇ ಒಂದು ಕೋಣೆ. ಶನಿವಾರ ಬಿಲ್ಡರ್‌ಗೆ ಮುಂಗಡ ಕಟ್ಟುವುದಿತ್ತು. ಹೆಂಡತಿ ಹೇಳಿದ್ದು ಇಷ್ಟೇ: "ಇವರು ಮನೆ ನೋಡಿದಾರೆ. ಬೆಳಗ್ಗೆ ಹತ್ತು ಗಂಟೆಗೆ ಆ ಮನೇಲಿ ನಾನು ಏನ್ಮಾಡ್ತಾ ಇರ್ತೀನಿ ಅಂತ ನೋಡಿಲ್ಲ."

ಎರಡನೇ ಭೇಟಿ ಒಬ್ಬೊಬ್ಬರೊಂದಿಗೆ, ತಲಾ 45 ನಿಮಿಷ. ಆಕೆ "ಎಲ್ಲಾ ಬಿಟ್ಟು ಹೋಗ್ಬಿಡೋಣ ಅನ್ಸುತ್ತೆ" ಎಂದರು. ಇಂಥ ಮಾತನ್ನು ಹಾಗೇ ದಾಟಿಸಿಕೊಂಡು ಹೋಗಬಾರದು. ಹೋಗೋದು ಅಂದರೆ ಮೈಸೂರಿಗೋ, ಜೀವ ಕಳೆದುಕೊಳ್ಳುವ ಯೋಚನೆಯೋ ಎಂದು ನೇರವಾಗಿ ಕೇಳಲಾಯಿತು. ಮೈಸೂರಿಗೆ ಎಂಬುದು ಉತ್ತರ. ಆದರೂ ಆತ್ಮಹತ್ಯೆ ತಡೆ ಸಹಾಯವಾಣಿಯ 988 ಸಂಖ್ಯೆ ಬರೆಸಿದೆವು. ಅಮೆರಿಕದಲ್ಲಿ ಎಲ್ಲಿಂದ ಬೇಕಾದರೂ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಬ್ಯಾಂಕ್ ಖಾತೆಯಲ್ಲಿ ಆಕೆಯ ಹೆಸರಿದೆಯೇ, ಮನೆಯಲ್ಲಿ ಕೈ ಎತ್ತುವುದು, ಬೆದರಿಸುವುದು ಇದೆಯೇ ಎಂಬುದನ್ನೂ ಕೇಳಿದೆವು. ಹಿಂಸೆ ಇರಲಿಲ್ಲ. ಖಾತೆ ಮಾತ್ರ ಗಂಡನೊಬ್ಬನ ಹೆಸರಲ್ಲಿತ್ತು. ಆ ವಾರವೇ ಜಂಟಿ ಮಾಡಿಸಲು ಹೇಳಿದೆವು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಎಚ್-4 ಹೆಂಡತಿಯ ಹೆಸರನ್ನೂ ಪಾಸ್‌ಪೋರ್ಟ್ ತೋರಿಸಿ ಸೇರಿಸಿಕೊಳ್ಳುವ ಬ್ಯಾಂಕುಗಳಿವೆ. ಬಾಡಿಗೆ ಕರಾರಿನಲ್ಲೂ ಆಕೆ ಬರೀ 'ವಾಸವಿರುವವರು' ಎಂದಾಗದೆ ಬಾಡಿಗೆದಾರರಾಗಿ ಸಹಿ ಹಾಕಬೇಕು.

ಗಂಡ ಕೆಟ್ಟವರಲ್ಲ. ನಾಲ್ಕು ವರ್ಷ ಸಣ್ಣ ಮನೆಯಲ್ಲಿ ಹೆಂಡತಿಯನ್ನು ಇಟ್ಟಿದ್ದೇನೆ ಎಂಬ ಅಳುಕು ಅವರಿಗಿತ್ತು. ದೊಡ್ಡ ಮನೆ ಅದಕ್ಕೆ ಪರಿಹಾರ ಅಂದುಕೊಂಡಿದ್ದರು. ಆಕೆಗೆ ಎಡಿಸನ್ನಿನ ಸಣ್ಣ ಮನೆ ಎಂದೂ ಸಣ್ಣದು ಅನ್ನಿಸಿರಲಿಲ್ಲ.

ಇಬ್ಬರಿಗೂ ಒಂದು ವಾರದ ಮನೆಕೆಲಸ ಕೊಟ್ಟೆವು. ಆಕೆ ಕಾರಿನ ಹಂಗಿಲ್ಲದೆ ಎಷ್ಟು ಸಲ ಹೊರಗೆ ಹೋದರು, ಎಲ್ಲಿಗೆ, ಯಾರೊಡನೆ ಮಾತಾಡಿದರು ಎಂದು ಒಂದು ಹಾಳೆಯಲ್ಲಿ ಬರೆಯಬೇಕು. 14 ಸಲ ಆಗಿತ್ತು: ಶಾಲೆಗೆ ಬಿಡಲು ಮತ್ತು ಕರೆತರಲು, ಕೊತ್ತಂಬರಿ ಸೊಪ್ಪಿಗೆ, ಲೈಬ್ರರಿಗೆ, ಎದುರು ಮನೆಯ ಗುಜರಾತಿ ಅಜ್ಜಿಯ ಜತೆ ಸಂಜೆ ವಾಕಿಂಗು. ಗಂಡನ ಕೆಲಸ ಇನ್ನೊಂದು: ಆ 14 ಓಡಾಟಗಳನ್ನೇ ಕೇಟಿಯ ಮನೆಯ ವಿಳಾಸ ಹಾಕಿ, ನಕ್ಷೆಯಲ್ಲಿ 'ನಡಿಗೆ' ಒತ್ತಿ ಮತ್ತೆ ಮಾಡಿ ನೋಡುವುದು. ಸಾಧ್ಯವಾದದ್ದು ಎರಡು. ಎರಡೂ ಬಡಾವಣೆಯ ಕೆರೆ ಸುತ್ತ ತಿರುಗಿ ಬರುವುದು. ಅತಿ ಹತ್ತಿರದ ಅಂಗಡಿ ಮೂರು ಮೈಲಿ. ಮುಂದಿನ ಭೇಟಿಯಲ್ಲಿ ಆ ಹಾಳೆ ಹಿಡಿದು ಕೂತ ಗಂಡ ಬಹಳ ಹೊತ್ತು ಮಾತಾಡಲಿಲ್ಲ.

ಹ್ಯೂಸ್ಟನ್ನಿನಂಥ ಊರಿನಲ್ಲಿ ಮನೆ ನೋಡುವಾಗ ಕಾರು ಓಡಿಸದವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಓಡಿಸುವವರಿಗೆ ಎಲ್ಲಿದ್ದರೂ ನಡೆಯುತ್ತದೆ. ನಾಳೆ ಆರು ತಿಂಗಳಿಗೆಂದು ಬರುವ ಅತ್ತೆ ಮಾವನೂ ಓಡಿಸದವರೇ. ಕೆಳಗಿನ ಕೋಣೆ ಅವರ ಮಂಡಿಗೆ ಒಳ್ಳೆಯದು ಸರಿ, ಆದರೆ ಬಾಗಿಲು ತೆರೆದರೆ ಎಲ್ಲಿಗೆ ಹೋಗಬೇಕು?

ದಾರಿಯ ಲೆಕ್ಕ ಇನ್ನೊಂದು. ಆ ಮನೆಯಿಂದ ಮೆಡಿಕಲ್ ಸೆಂಟರ್‌ಗೆ ಸುಮಾರು 35 ಮೈಲಿ. ಗಂಡ ಭಾನುವಾರ ಮಧ್ಯಾಹ್ನ ನಕ್ಷೆ ನೋಡಿ 40 ನಿಮಿಷ ಎಂದು ಬರೆದುಕೊಂಡಿದ್ದರು. ಎಲ್ಲರೂ ಮಾಡುವ ತಪ್ಪು ಇದು. ನಕ್ಷೆಯಲ್ಲಿ 'ಈ ಹೊತ್ತಿಗೆ ತಲುಪಬೇಕು' ಎಂಬ ಆಯ್ಕೆ ಒತ್ತಿ, ಮಂಗಳವಾರ ಅಥವಾ ಬುಧವಾರ ಬೆಳಗ್ಗೆ 8 ಎಂದು ಹಾಕಿ. ವಾಪಸಿಗೆ ಸಂಜೆ 5.15ಕ್ಕೆ ಹೊರಡುವುದು ಎಂದು ಹಾಕಿ. ಬರುವ ಎರಡು ಅಂಕಿಗಳಲ್ಲಿ ದೊಡ್ಡದನ್ನೇ ನಂಬಿ. ಅವರಿಗೆ ಒಂದು ಕಡೆಗೇ ಒಂದು ಗಂಟೆ ಮೀರಿತು. ಅಂದರೆ ಬೆಳಗ್ಗೆ 6.45ಕ್ಕೆ ಹೋದವರು ಸಂಜೆ 6.30ಕ್ಕೆ ಮನೆ. ಟೋಲ್ ಬೇರೆ. ಹ್ಯೂಸ್ಟನ್ನಿನ ಬೇರೆ ಉಪನಗರಗಳನ್ನು ಇದಕ್ಕೆ ಹೋಲಿಸಿ ನೋಡಿದೆವು. ಪೇರ್‌ಲ್ಯಾಂಡ್ 15 ಮೈಲಿ ಆಸುಪಾಸು, 288 ಹೆದ್ದಾರಿಯಲ್ಲಿ ನೇರ ದಾರಿ, ಮೀನಾಕ್ಷಿ ದೇವಸ್ಥಾನವೂ ಅಲ್ಲೇ. ಶುಗರ್ ಲ್ಯಾಂಡ್ ಸುಮಾರು 20 ಮೈಲಿ. ಅಲ್ಲಿಂದ ಫೋರ್ಟ್ ಬೆಂಡ್ ಕೌಂಟಿಯ ಬಸ್ಸು ಮೆಡಿಕಲ್ ಸೆಂಟರ್‌ಗೇ ಹೋಗುತ್ತದೆ. ಗಂಡ ಬಸ್ಸು ಹತ್ತಿದ ದಿನ ಮನೆಯ ಒಂದೇ ಕಾರು ಹೆಂಡತಿಯ ಅಭ್ಯಾಸಕ್ಕೆ ಮಿಗುತ್ತದೆ ಎಂಬುದನ್ನು ಕಂಡುಹಿಡಿದವರು ಆಕೆಯೇ.

ನೀರಿನ ವಿಷಯದಲ್ಲಿ ಮಾತ್ರ ಬಡಾವಣೆಯ ಹೆಸರನ್ನು ನಂಬಲೇಬಾರದು. ಮೆಡಿಕಲ್ ಸೆಂಟರ್‌ಗೆ ತೀರ ಹತ್ತಿರ ಎಂದು ಗಂಡನ ಸಹೋದ್ಯೋಗಿ ಸೂಚಿಸಿದ್ದ ಮೇಯರ್‌ಲ್ಯಾಂಡ್‌ನಲ್ಲಿ 2015, 2016, 2017 ಹೀಗೆ ಸಾಲಾಗಿ ಮೂರು ವರ್ಷ ಮನೆಗಳಿಗೆ ನೀರು ನುಗ್ಗಿತ್ತು. 2017ರ ಹಾರ್ವಿ ಚಂಡಮಾರುತದಲ್ಲಿ ಕೇಟಿ ಕಡೆಯ ಬಾರ್ಕರ್ ಜಲಾಶಯದ ಹಿನ್ನೀರು ಅದರ ಮೇಲ್ಭಾಗದ ಬಡಾವಣೆಗಳಿಗೂ ಬಂತು. ಅಲ್ಲಿದ್ದ ಎಷ್ಟೋ ಜನಕ್ಕೆ ತಮ್ಮ ಮನೆ ಜಲಾಶಯದ ಮುಳುಗಡೆ ವ್ಯಾಪ್ತಿಯಲ್ಲಿದೆ ಎಂದೇ ಗೊತ್ತಿರಲಿಲ್ಲ. ಆದ್ದರಿಂದ ಮನೆ ನಂಬರಿನ ಸಮೇತ ಪೂರ್ತಿ ವಿಳಾಸವನ್ನು ಫೀಮಾದ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಪ್ರವಾಹ ನಕ್ಷೆಯಲ್ಲಿ ಹಾಕಿ ನೋಡಬೇಕು. ಹೆಚ್ಚು ಅಪಾಯದ ವಲಯವಾದ 'ಎಇ' ಬಂದರೆ ಬೇಡ. 'ಎಕ್ಸ್' ಬಂದರೂ ಅದು ಬಣ್ಣ ತುಂಬಿದ ಎಕ್ಸೋ ಖಾಲಿ ಎಕ್ಸೋ ನೋಡಿ. ಬಣ್ಣ ತುಂಬಿದ್ದರೆ ಅಪಾಯ ಎಇಗಿಂತ ಕಡಿಮೆ, ಇಲ್ಲವೆಂದಲ್ಲ. ಬಾಡಿಗೆ ಮನೆಯಾದರೆ, ಮನೆ 100 ವರ್ಷದ ಪ್ರವಾಹ ವಲಯದಲ್ಲಿದೆಯೇ (ಅಂದರೆ ಯಾವುದೇ ಒಂದು ವರ್ಷದಲ್ಲಿ ನೀರು ಬರುವ ಸಾಧ್ಯತೆ ಶೇ 1 ಇರುವ ಜಾಗ), ಹಿಂದಿನ ಐದು ವರ್ಷದಲ್ಲಿ ನೀರು ಬಂದಿತ್ತೇ ಎಂದು ಮಾಲೀಕರು ಬರೆದುಕೊಡಬೇಕೆಂದು ಟೆಕ್ಸಾಸ್‌ನಲ್ಲಿ 2022ರಿಂದ ಕಾನೂನೇ ಇದೆ. ಆ ಹಾಳೆ ಕೇಳಿ ಪಡೆಯಿರಿ. ಬಾಡಿಗೆದಾರರ ಸಾಮಾನ್ಯ ವಿಮೆ ಪ್ರವಾಹದ ನೀರಿಗೆ ಬರುವುದಿಲ್ಲ. ರಾಷ್ಟ್ರೀಯ ಪ್ರವಾಹ ವಿಮೆಯಲ್ಲಿ ಸಾಮಾನಿಗೆ ಮಾತ್ರ ಎಂದು 1 ಲಕ್ಷ ಡಾಲರ್ ತನಕ ತೆಗೆದುಕೊಳ್ಳಬಹುದು, ಆದರೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಇವರು ಇಳಿಯುವುದೇ ಅದರ ನಡುವೆ, ಹಾಗಾಗಿ ಕರಾರಿಗೆ ಸಹಿ ಬಿದ್ದ ದಿನವೇ ವಿಮೆ.

ಶನಿವಾರದ ಮುಂಗಡ ಕಟ್ಟಬೇಡಿ, 12 ತಿಂಗಳು ಬಾಡಿಗೆಗಿರಿ ಎಂದದ್ದಕ್ಕೆ ಗಂಡ ಒಪ್ಪಲಿಲ್ಲ. "ಬಾಡಿಗೆ ದುಡ್ಡು ನೀರಿಗೆ ಹಾಕಿದ ಹಾಗೆ" ಎಂದರು. ಆಗ ತೆರಿಗೆಯ ಲೆಕ್ಕ ಮಾಡಿಸಿದೆವು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆ ಜಾಸ್ತಿ. ಹೊಸ ಬಡಾವಣೆಗಳಲ್ಲಿ ನೀರು, ಚರಂಡಿಗೆ ಹಾಕಿದ ಬಂಡವಾಳ ತೀರಿಸಲು 'ಮಡ್' (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಎಂಬ ಸ್ಥಳೀಯ ಸಂಸ್ಥೆಯ ತೆರಿಗೆ ಮೇಲಿಂದ ಸೇರುತ್ತದೆ. 4,50,000 ಡಾಲರಿನ ಮನೆಗೆ ಒಟ್ಟು ದರ ಶೇ 3 ಆದರೆ ವರ್ಷಕ್ಕೆ 13,500, ತಿಂಗಳಿಗೆ 1,125. ಹಳೆಯ ಬಡಾವಣೆಯ ಶೇ 2.2ಕ್ಕೆ ವರ್ಷಕ್ಕೆ 9,900, ತಿಂಗಳಿಗೆ 825. ಪೆಟ್ಟು ಬೀಳುವುದು ಎರಡನೇ ವರ್ಷ. ಜನವರಿ 1ಕ್ಕೆ ಬರೀ ಸೈಟಾಗಿದ್ದ ಜಾಗಕ್ಕೆ ಮೊದಲ ವರ್ಷ ಸೈಟಿನ ತೆರಿಗೆ ಮಾತ್ರ. ಸಾಲದ ಕಂತಿನಲ್ಲೇ ತೆರಿಗೆಯನ್ನೂ ವಸೂಲು ಮಾಡುವ ಬ್ಯಾಂಕು ಅದನ್ನೇ ಹಿಡಿದು ಕಂತು ನಿಗದಿ ಮಾಡಿದ್ದರೆ, ಮುಂದಿನ ವರ್ಷ ಮನೆಯ ಪೂರ್ತಿ ತೆರಿಗೆ ಬಂದಾಗ ಬಾಕಿಯೂ ಹೊಸ ದರವೂ ಸೇರಿ ಕಂತು ಒಮ್ಮೆಲೇ ಹಾರುತ್ತದೆ. ಇನ್ನೊಂದು, ಹಳೆಯ ಮನೆ ಕೊಳ್ಳುವಾಗ ಸಣ್ಣ ಶುಲ್ಕ ಕೊಟ್ಟು ಕೆಲವು ದಿನದೊಳಗೆ ಹಿಂದೆ ಸರಿಯುವ ಅವಕಾಶ ಅಲ್ಲಿನ ಸಾಮಾನ್ಯ ಕರಾರಿನಲ್ಲಿ ಬರೆಸಿಕೊಳ್ಳಬಹುದು. ಬಿಲ್ಡರ್ ತನ್ನದೇ ಕರಾರು ತರುತ್ತಾನೆ. ಅದರಲ್ಲಿ ಈ ಅವಕಾಶ ಇಲ್ಲದೆಯೂ ಇರಬಹುದು. ಗಂಡ ಕರಾರು ತರಿಸಿ ಓದಿದರು. ಇರಲಿಲ್ಲ. ಮುಂಗಡ ನಿಂತಿತು.

ಶಾಲೆಯ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ರೇಟಿಂಗ್ ನೋಡುವುದಕ್ಕಿಂತ ಶಾಲಾ ಜಿಲ್ಲೆಗೆ ಫೋನು ಮಾಡಿ, ಈ ವಿಳಾಸಕ್ಕೆ ಯಾವ ಶಾಲೆ, ಈಗ ಸೇರುವ ಮಗುವಿಗೆ ಅಲ್ಲಿ ಜಾಗ ಇದೆಯೇ ಎಂದು ಕೇಳುವುದು ಮೇಲು. ವೇಗವಾಗಿ ಬೆಳೆಯುವ ಬಡಾವಣೆಗಳಲ್ಲಿ ಶಾಲೆ ತುಂಬಿ, ಹೊಸಬರನ್ನು ದೂರದ ಶಾಲೆಗೆ ಹಾಕುವುದುಂಟು. ನ್ಯೂಜೆರ್ಸಿಯಂತೆ ಸೆಪ್ಟೆಂಬರ್ ಎಂದುಕೊಂಡರೆ ತಪ್ಪೀತು; ಹ್ಯೂಸ್ಟನ್ ಕಡೆ ಆಗಸ್ಟ್ ನಡುವಿಗೇ ತರಗತಿ ಶುರು.

ಅವರು ಮೊದಲ ಎರಡು ವಾರ ದಿನಬಾಡಿಗೆಯ ಕೋಣೆಯಲ್ಲಿದ್ದು ಮೂರು ಕಡೆ ನೋಡಿದರು. ಮನೆ ತೋರಿಸುವವರು ಕರೆದ ಹೊತ್ತಿಗೆ ಹೋಗಬೇಡಿ, ಬಿಸಿಲಿಳಿದ ಮೇಲೆ ಆರೂವರೆಗೆ ಮಗನ ಕೈ ಹಿಡಿದು ಆ ಬೀದಿಯಲ್ಲಿ ಒಂದು ಸುತ್ತು ನಡೆಯಿರಿ, ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ ನೋಡಿ ಎಂದಿದ್ದೆವು. ಪೇರ್‌ಲ್ಯಾಂಡ್‌ನ ಒಂದು ಮನೆ ಇದರಲ್ಲೇ ಬಿತ್ತು: ಅಂಗಡಿ ಅರ್ಧ ಮೈಲಿಯಲ್ಲಿತ್ತು, ನಡುವೆ ಆರು ಪಥದ ರಸ್ತೆ. ಕೊನೆಗೆ ಶುಗರ್ ಲ್ಯಾಂಡ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದರು. ಹಳೆಯ 14ರಲ್ಲಿ ಒಂಬತ್ತು ಅಲ್ಲಿ ಕಾಲ್ನಡಿಗೆಯಲ್ಲಿ ಆಗುತ್ತದೆ.

ಗಂಡ ಹೆಂಡತಿಯ ಒಪ್ಪಂದದಲ್ಲಿ ಬಾಡಿಗೆ ಮನೆ ಒಂದರ್ಧ, ಆಕೆ ಕಾರು ಕಲಿಯುವುದು ಇನ್ನರ್ಧ. ಕಲಿಸುವವರು ಗಂಡ ಆಗಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆವು. ಬೇರೆ ಜಗಳ ಸಾಕಷ್ಟಿವೆ. 25 ದಾಟಿದವರಿಗೆ ಟೆಕ್ಸಾಸ್‌ನಲ್ಲಿ ತರಗತಿ ಕಡ್ಡಾಯವಿಲ್ಲ, ಓಡಿಸಿ ತೋರಿಸುವ ಪರೀಕ್ಷೆಗೆ ಮುಂಚೆ ಒಂದು ಗಂಟೆಯ ಉಚಿತ ವಿಡಿಯೊ ನೋಡಿದ ಪ್ರಮಾಣಪತ್ರ ಬೇಕು. ಆದರೂ ಶಾಲೆಯೊಂದರಲ್ಲಿ ಹತ್ತು ಗಂಟೆಯ ಪಾಠಕ್ಕೆ ಸೇರಿದರು. ಮೊದಲು ಬಡಾವಣೆಯ ಒಳರಸ್ತೆ, ಆಮೇಲೆ ಹೆದ್ದಾರಿ ಪಕ್ಕದ ರಸ್ತೆ, ಹೆದ್ದಾರಿ ಕೊನೆಗೆ.

ಮೂರು ತಿಂಗಳ ನಂತರದ ಭೇಟಿಗೆ ಆಕೆ ಒಬ್ಬರೇ ಬಂದರು. ಮೊದಲ ಪರೀಕ್ಷೆಯಲ್ಲಿ ಎರಡು ಕಂಬದ ನಡುವೆ ಕಾರು ನಿಲ್ಲಿಸುವಾಗ ಹಿಂದಿನ ಚಕ್ರ ಅಂಚು ಹತ್ತಿ ಫೇಲಾಗಿತ್ತು, ಎರಡನೆಯದರಲ್ಲಿ ಪಾಸು. ಗಂಡನ ಗೆಳೆಯರಿಗೆ ಇನ್ನೂ ಮುನಿಸಿದೆಯಂತೆ, ವಾರಾಂತ್ಯಕ್ಕೆ ಇವರೇ ಅಲ್ಲಿಗೆ ಹೋಗುತ್ತಾರೆ. ಕರಾರಿನ ಪ್ರಕಾರ ಬಿಡುವುದಿದ್ದರೆ 60 ದಿನ ಮೊದಲು ತಿಳಿಸಬೇಕು. ಆ ತಾರೀಖನ್ನು ಆಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಕೇಟಿಯ ಮಾತು ಅವತ್ತು ಮತ್ತೆ ಬರುತ್ತದೆ, ಬರಲಿ, ಅಷ್ಟರಲ್ಲಿ ಆ ದಾರಿಯಲ್ಲಿ ಒಂದು ಸಲ ತಾನೇ ಓಡಿಸಿಕೊಂಡು ಹೋಗಿ ನೋಡುತ್ತೇನೆ ಎಂದರು.