ಚೀನೀಯರಲ್ಲೂ ನಮ್ಮ ಹಾಗೆ ಹಿರಿಯರಿಗೆ ಎಡೆ ಇಡುವ ಹಬ್ಬ ಇದೆಯಾ?

ಇದೆ, ಚಿಂಗ್‌ಮಿಂಗ್ ಅಂತ. ನಾನು ಮಂಡ್ಯ ಕಡೆಯವಳು, ಮದುವೆಯಾಗಿ ಬಂದಿದ್ದು ಸಿಂಗಾಪುರದಲ್ಲಿರುವ, ಹೊಕ್ಕಿಯನ್ ಅನ್ನುವ ಚೀನೀ ಪಂಗಡದ ಮನೆಗೆ. ಇವರು ಇದನ್ನು ಚೆಂಗ್ ಬೆಂಗ್ ಅನ್ನುತ್ತಾರೆ. ನಮ್ಮನೆಯಲ್ಲಿ ನಡೆಯುವುದನ್ನೇ ಹೇಳುತ್ತೇನೆ, ಬೇರೆಯವರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

ಇದು ಸೂರ್ಯನ ಲೆಕ್ಕದ ಹಬ್ಬ. ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ. ಚೀನಾದಲ್ಲಿ 2008ರಿಂದ ಸರ್ಕಾರಿ ರಜೆ. ಇಲ್ಲಿ ರಜೆ ಇಲ್ಲ, ಹಾಗಾಗಿ ಹಿಂದೆಮುಂದಿನ ಭಾನುವಾರ ಹೋಗುತ್ತೇವೆ. ಬೆಳಕು ಹರಿಯುವ ಮುಂಚೆಯೇ ಹೊರಡಬೇಕು. ತಡವಾದರೆ ಚುವಾ ಚು ಕಾಂಗ್ ಸ್ಮಶಾನದ ರಸ್ತೆಯಲ್ಲಿ ಕಾರು ಅಲ್ಲಾಡುವುದಿಲ್ಲ.

ಮೊದಲು ಮಾವನವರ ಸಮಾಧಿ ಸುತ್ತಲಿನ ಹುಲ್ಲು ಕೀಳುವುದು, ಕಲ್ಲು ತೊಳೆಯುವುದು, ಮಾಸಿದ ಅಕ್ಷರಗಳಿಗೆ ಬಣ್ಣ ಹಚ್ಚುವುದು. ಆಮೇಲೆ ಬಣ್ಣದ ಕಾಗದಗಳನ್ನು ಹರಡಿ, ಹಾರಿಹೋಗದಂತೆ ಮೇಲೆ ಸಣ್ಣ ಕಲ್ಲು ಇಡುತ್ತಾರೆ. ಈ ಸಲ ಮನೆಯವರು ಬಂದುಹೋದರು ಅನ್ನುವುದಕ್ಕೆ ಅದೇ ಗುರುತು. ಪಕ್ಕದಲ್ಲೇ ಭೂಮಿದೇವರ ಪುಟ್ಟ ಕಲ್ಲಿರುತ್ತದೆ, ಮೊದಲ ಊದುಬತ್ತಿ ಆತನಿಗೆ.

ಎಡೆಗೆ ಬೇಯಿಸಿದ ಇಡೀ ಕೋಳಿ, ಹಂದಿ ಮಾಂಸ, ಕಿತ್ತಳೆ, ಹೆಸರುಬೇಳೆ ಹೂರಣ ತುಂಬಿದ ಆಂಗ್ ಕು ಅನ್ನುವ ಕೆಂಪು ಸಿಹಿತಿಂಡಿ. ನಮ್ಮೂರಲ್ಲೂ ಹಿರಿಯರಿಗೆ ಬಾಡೂಟ ಇಡುತ್ತಾರಲ್ಲ, ಹಾಗಾಗಿ ನನಗೇನೂ ವಿಚಿತ್ರ ಅನಿಸಲಿಲ್ಲ. ಅತ್ತೆ ಮರೆಯದೆ ಮಾವನಿಗೆ ಹಾಲಿಲ್ಲದ ಕಾಫಿಯನ್ನೂ ಇಡುತ್ತಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಇದರ ನಂತರದ್ದು. ನಮ್ಮಲ್ಲಿ ಕಾಗೆ ಬಂದು ಮುಟ್ಟಲಿ ಅಂತ ಕಾಯುತ್ತೇವೆ ಅಲ್ವಾ? ಇವರು ಎರಡು ನಾಣ್ಯ ಹಾರಿಸಿ ಕೇಳುತ್ತಾರೆ, "ಊಟ ಆಯ್ತಾ?" ಒಂದು ಅಂಗಾತ, ಒಂದು ಬೋರಲು ಬಿದ್ದರೆ ಆಯ್ತು ಅಂತ. ಎರಡೂ ಒಂದೇ ಥರ ಬಿದ್ದರೆ ಇನ್ನೂ ಆಗಿಲ್ಲ, ಕಾಯಬೇಕು. ಒಂದು ವರ್ಷ ಎಷ್ಟು ಹಾರಿಸಿದರೂ ಆಗಲೇ ಇಲ್ಲ. "ಅಪ್ಪನಿಗೆ ಕಾಫಿ ಆರಿದ್ರೆ ಸೇರಲ್ಲ" ಅಂತ ಮೈದುನ ಫ್ಲಾಸ್ಕಿನಿಂದ ಬಿಸಿ ಕಾಫಿ ಬಗ್ಗಿಸಿದ. ಮರುಸಲಕ್ಕೇ ಆಯ್ತು! ಎಲ್ಲರೂ ನಕ್ಕೆವು. ಅಳು, ಸೂತಕ ಏನೂ ಇಲ್ಲ. ಪುರೋಹಿತರೂ ಇಲ್ಲ, ಮನೆಯವರೇ ಎಲ್ಲ ಮಾಡುತ್ತಾರೆ. ನನಗಂತೂ ಇದೇ ಸರಿ ಅನಿಸುತ್ತದೆ. ಕೊನೆಗೆ ಪರಲೋಕದ ನೋಟು, ಕಾಗದದ ಅಂಗಿ, ಕಾಗದದ ಮೊಬೈಲು ಸುಟ್ಟು, ಎಡೆಯ ತಿಂಡಿ ಹಂಚಿಕೊಂಡು ತಿನ್ನುತ್ತೇವೆ.

ಇಲ್ಲಿ ಜಾಗ ಕಡಿಮೆ. 1998ರಿಂದ ಸಮಾಧಿಗೆ 15 ವರ್ಷ ಅಷ್ಟೇ ಅವಕಾಶ. ಆಮೇಲೆ ಅಗೆದು, ದಹನ ಮಾಡಿ, ಬೂದಿಯನ್ನು ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಗಂಡನ ಅಜ್ಜ ಆಗಲೇ ಅಲ್ಲಿದ್ದಾರೆ. ಅಲ್ಲಿ ಕೀಳಲು ಹುಲ್ಲಿಲ್ಲ, ಹಿಂದೆ ಕಾಯುತ್ತಿರುವವರಿಗೂ ಜಾಗ ಬಿಡಬೇಕು, ಬೇಗ ಮುಗಿದುಹೋಗುತ್ತದೆ. ಮಕ್ಕಳಿಗೆ ಆರಾಮ, ಅತ್ತೆಗೆ ಸಮಾಧಾನವಿಲ್ಲ.

ಪರಿಚಯದವರು ಕರೆದರೆ ಧಾರಾಳವಾಗಿ ಹೋಗಿ. ಕೆಂಪು ಬಟ್ಟೆ ಬೇಡ, ಒಂದಿಷ್ಟು ಹಣ್ಣು ತೆಗೆದುಕೊಂಡು ಹೋಗಿ, ಬೇರೆಯವರ ಸಮಾಧಿ ತುಳಿಯಬೇಡಿ. ಟೋಪಿ ಮರೆಯಬೇಡಿ, ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತದೆ.